ಲೈಟಿಗೊಂದು ನಂಬರು: ಡಿಎಂಎಕ್ಸ್ ಅಡ್ರೆಸ್ ಹಾಕುವುದು ಹೇಗೆ?

ನಾಟಕದ ಕೊನೆಯ ದೃಶ್ಯ. ವೇದಿಕೆ ಪೂರ್ತಿ ನೀಲಿಯಾಗಬೇಕು. ಮೊದಲ ಲೈಟು ನೀಲಿಯಾಯಿತು, ಪಕ್ಕದ್ದು ಹತ್ತಲೇ ಇಲ್ಲ. ಗಾಬರಿಯಲ್ಲಿ ಕೈಗೆ ಸಿಕ್ಕ ಫೇಡರನ್ನೆಲ್ಲ (ಲೈಟು ನಡೆಸುವ ಬೋರ್ಡಿನ ಜಾರುವ ಗುಂಡಿಗಳನ್ನೆಲ್ಲ) ಮೇಲೇರಿಸಿದೆ. ಅದು ಹತ್ತಿತು. ಆದರೆ ಮೊದಲನೆಯದು ಆರ್ಕೆಸ್ಟ್ರಾ ಲೈಟಿನ ಥರ ಪಟಪಟ ಮಿನುಗತೊಡಗಿತು. ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹೊಡೆದರು.

ಆವತ್ತು ಲೈಟು ಕೆಟ್ಟಿರಲಿಲ್ಲ, ಬೋರ್ಡೂ ಕೆಟ್ಟಿರಲಿಲ್ಲ. ನಾನು ಏಣಿ ಮೇಲೆ ನಿಂತು ಲೈಟಿಗೆ ಅಡ್ರೆಸ್ (ಬೋರ್ಡಿನ ಯಾವ ಮಾತನ್ನು ಕೇಳಬೇಕು ಎಂದು ಲೈಟಿಗೆ ಹೇಳುವ ನಂಬರು) ಹಾಕುವಾಗ, ಚೀಟಿಯನ್ನು ತಲೆಕೆಳಗಾಗಿ ಹಿಡಿದು, 9 ಎಂದು ಬರೆದದ್ದನ್ನು 6 ಎಂದು ಓದಿದ್ದೆ. ಅಷ್ಟೇ. ಅಂದಿನಿಂದ ನನ್ನದು ಎರಡು ನಿಯಮ. ಅಡ್ರೆಸ್ ಬರೆಯುವಾಗ ಯಾವಾಗಲೂ ಮೂರು ಅಂಕಿ: 9 ಅಲ್ಲ, 009. ಮತ್ತೆ ಅಡ್ರೆಸ್ ಹಾಕುವ ಕೆಲಸವೆಲ್ಲ ನೆಲದ ಮೇಲೇ ಆಗಬೇಕು. ಲೈಟು ಮೇಲೆ ಕಟ್ಟಿದ ನಂತರ ಅಲ್ಲ.

ಡಿಎಂಎಕ್ಸ್ ಅಂದರೆ ಬೋರ್ಡು ಹೇಳಿದ್ದನ್ನು ಒಂದೇ ಕೇಬಲಿನಲ್ಲಿ ಎಲ್ಲ ಲೈಟಿಗೂ ತಲುಪಿಸುವ ಪದ್ಧತಿ. ಈ ಲೇಖನ ಊರಿನ ಹವ್ಯಾಸಿ ತಂಡಗಳಿಗೆ, ಶಾಲೆ ಕಾಲೇಜಿನ ವಾರ್ಷಿಕೋತ್ಸವಕ್ಕೆ ಲೈಟು ನೋಡಿಕೊಳ್ಳುವವರಿಗೆ, ಗಣೇಶನ ಪೆಂಡಾಲಿನಲ್ಲಿ 'ನೀನೇ ಲೈಟಿಗೆ ಕೂತ್ಕೋ' ಎಂದು ಸಿಕ್ಕಿಹಾಕಿಸಿಕೊಂಡವರಿಗೆ. ನಮ್ಮ ಉದಾಹರಣೆಯಲ್ಲಿ ಇರುವುದು ಇಷ್ಟು: ಎಂಟು ಎಲ್‌ಇಡಿ ಪಾರ್ (ಬಣ್ಣ ಬದಲಿಸುವ ಡಬ್ಬಿ ಲೈಟು), ಎರಡು ಮೂವಿಂಗ್ ಹೆಡ್ (ತಲೆ ತಿರುಗಿಸುವ ಲೈಟು), ಹ್ಯಾಲೋಜನ್ ಲೈಟುಗಳಿಗಾಗಿ ನಾಲ್ಕು ಚಾನೆಲಿನ ಒಂದು ಡಿಮ್ಮರ್ ಪ್ಯಾಕ್ (ಬೆಳಕು ಏರಿಸಿಳಿಸುವ ಪೆಟ್ಟಿಗೆ), ಒಂದು ಹೇಜ್ ಮಷಿನ್ (ತೆಳು ಮಂಜು ಬಿಡುವ ಹೇಜರ್). ಬೋರ್ಡು, ಎಲ್ಲ ಊರಲ್ಲೂ ಬಾಡಿಗೆಗೆ ಸಿಗುವ 192 ಚಾನೆಲಿನದು.

ವೈರಿನಲ್ಲಿ ಏನು ಓಡುತ್ತದೆ?

ಒಂದು ಕಾಲದಲ್ಲಿ ಬೋರ್ಡಿನಿಂದ ಪ್ರತಿ ಡಿಮ್ಮರಿಗೂ ಒಂದೊಂದು ಕಂಟ್ರೋಲ್ ವೈರು ಎಳೆಯಬೇಕಿತ್ತು. ಅದರಲ್ಲಿ ಓಡುತ್ತಿದ್ದದ್ದು 0ಯಿಂದ 10 ವೋಲ್ಟಿನ ಕರೆಂಟು. 48 ಡಿಮ್ಮರ್ ಇದ್ದರೆ 48 ವೈರು. ಅದರ ಮೇಲೆ ಒಬ್ಬೊಬ್ಬ ತಯಾರಕರದ್ದು ಒಂದೊಂದು ಪದ್ಧತಿ, ಒಬ್ಬರ ಬೋರ್ಡು ಇನ್ನೊಬ್ಬರ ಡಿಮ್ಮರಿಗೆ ಆಗುತ್ತಿರಲಿಲ್ಲ. ಈ ಗೋಜಲು ಬಿಡಿಸಲು ಅಮೆರಿಕದ ರಂಗತಂತ್ರಜ್ಞರ ಸಂಸ್ಥೆ ಯುಎಸ್‌ಐಟಿಟಿ 1986ರಲ್ಲಿ ಡಿಎಂಎಕ್ಸ್512 ಎಂಬ ಪದ್ಧತಿ ತಂದಿತು. ಒಂದೇ ಕೇಬಲ್, 512 ಚಾನೆಲ್. ಸುಮಾರು 40 ವರ್ಷವಾದರೂ ನಾವು ಬಳಸುವುದು ಅದನ್ನೇ.

ಇದನ್ನು ಮದುವೆಮನೆಯ ಪಂಕ್ತಿ ಅಂದುಕೊಳ್ಳಿ. ಉದ್ದಕ್ಕೆ 512 ಎಲೆ ಹಾಕಿದೆ, ಒಂದೊಂದು ಎಲೆಯೂ ಒಂದೊಂದು ಚಾನೆಲ್. ಬೋರ್ಡು ಬಡಿಸುವವನು. ಒಂದನೇ ಎಲೆಯಿಂದ ಶುರು ಮಾಡಿ ಪ್ರತಿ ಎಲೆಗೂ ಒಂದು ಅಂಕಿ ಬಡಿಸುತ್ತಾ ಹೋಗುತ್ತಾನೆ. 0 ಅಂದರೆ ಏನೂ ಇಲ್ಲ, 255 ಅಂದರೆ ತುಂಬಾ. ಕೊನೆಯ ಎಲೆ ಮುಟ್ಟಿದ ಕೂಡಲೇ ಮತ್ತೆ ಮೊದಲಿನಿಂದ. ಪೂರಾ 512 ಬಡಿಸಿದರೂ ಸೆಕೆಂಡಿಗೆ ಸುಮಾರು 44 ಸುತ್ತು!

ಲೈಟಿಗೆ ಅಡ್ರೆಸ್ ಕೊಡುವುದೆಂದರೆ 'ನೀನು ಇಂಥ ಎಲೆಯಿಂದ ಕೂತ್ಕೋ' ಅನ್ನುವುದು. ಬೆಳಕು, ಕೆಂಪು, ನೀಲಿ ಹೀಗೆ ಒಂದೊಂದು ಗುಣಕ್ಕೂ ಒಂದೊಂದು ಚಾನೆಲ್ ಬೇಕು. ಎಂಟು ಚಾನೆಲಿನ ಲೈಟಿಗೆ 009 ಕೊಟ್ಟರೆ 9ರಿಂದ 16ರವರೆಗಿನ ಎಂಟೂ ಎಲೆ ಅದರದ್ದೇ. ಬಡಿಸುವವನು ಯಾರು ಕೂತಿದ್ದಾರೆ ಎಂದು ತಿರುಗಿ ನೋಡುವುದಿಲ್ಲ. ಖಾಲಿ ಎಲೆಗೂ ಬಡಿಸುತ್ತಾನೆ. ಒಂದೇ ಎಲೆಗೆ ಇಬ್ಬರು ಕೈ ಹಾಕಿದರೂ ಕೇಳುವುದಿಲ್ಲ. ಅಡ್ರೆಸ್ ತಪ್ಪಾದರೆ ಬೋರ್ಡು ಯಾಕೆ ಎಚ್ಚರಿಸುವುದಿಲ್ಲ ಅಂದರೆ ಇದಕ್ಕೇ. ಲೈಟೂ ತಿರುಗಿ ಮಾತಾಡುವ ಆರ್‌ಡಿಎಂ ಎಂಬ ಪದ್ಧತಿ 2006ರಲ್ಲಿ ಬಂತು. ಅದಿದ್ದರೆ ಬೋರ್ಡಿನಲ್ಲಿ ಕೂತೇ ಅಡ್ರೆಸ್ ಬದಲಿಸಬಹುದು. ಆದರೆ ನಮ್ಮ ಬಾಡಿಗೆ ಪಾರ್‌ಗಳಲ್ಲಿ ಅದನ್ನು ನಿರೀಕ್ಷಿಸಬೇಡಿ.

ಮೊದಲು ಕಾಗದ

ಲೈಟಿಗೆ ಕರೆಂಟು ಕೊಡುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಪ್ರತಿ ಲೈಟಿಗೂ ಒಂದು ಗೆರೆ. ಲೈಟಿನ ಹೆಸರು, ಎಲ್ಲಿ ಕಟ್ಟುತ್ತೀರಿ, ಎಷ್ಟು ಚಾನೆಲ್, ಶುರುವಿನ ಅಡ್ರೆಸ್, ಕೊನೆಯ ಅಡ್ರೆಸ್.

ಲೆಕ್ಕ ಬಹಳ ಸುಲಭ. ಶುರುವಿನ ಅಡ್ರೆಸ್ಸಿಗೆ ಚಾನೆಲ್ ಸಂಖ್ಯೆ ಕೂಡಿಸಿದರೆ ಮುಂದಿನ ಲೈಟಿನ ಅಡ್ರೆಸ್. ಎಂಟು ಚಾನೆಲಿನ ಪಾರ್‌ಗಳಿಗೆ 001, 009, 017, 025, 033, 041, 049, 057. ಅಲ್ಲಿಗೆ 64 ಮುಗಿಯಿತು. 16 ಚಾನೆಲಿನ ಮೂವಿಂಗ್ ಹೆಡ್‌ಗಳಿಗೆ 065 ಮತ್ತು 081. ಡಿಮ್ಮರಿಗೆ 097. ಹೇಜರಿಗೆ 101. ಕಂಪ್ಯೂಟರಿನಿಂದಲೋ ದೊಡ್ಡ ಬೋರ್ಡಿನಿಂದಲೋ ನಡೆಸುವುದಾದರೆ ಹೀಗೆ ಒತ್ತೊತ್ತಾಗಿ ಕೂರಿಸಬಹುದು. ನಾನಾದರೆ ನಡುನಡುವೆ ಸ್ವಲ್ಪ ಜಾಗ ಬಿಡುತ್ತೇನೆ. ಕೊನೇ ಗಳಿಗೆಯಲ್ಲಿ ಯಾರಾದರೂ ಇನ್ನೆರಡು ಲೈಟು ತಂದೇ ತರುತ್ತಾರೆ.

192ರ ಬೋರ್ಡಿನಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಎಡಗಡೆ, ಯಾವ ಲೈಟನ್ನು ನಡೆಸಬೇಕು ಎಂದು ಒತ್ತುವ 12 ಸ್ಕ್ಯಾನರ್ ಬಟನ್ ಇರುತ್ತವೆ. ಒಂದೊಂದಕ್ಕೂ 16 ಚಾನೆಲ್ ಮೀಸಲು. ಹನ್ನೆರಡು ಹದಿನಾರಲೆ 192. ಹಾಗಾಗಿ ಒಂದು ಬಟನ್ನಿಗೆ ಒಂದು ಲೈಟು ಬೇಕೆಂದರೆ ಅಡ್ರೆಸ್ 16ರ ಹೆಜ್ಜೆಯಲ್ಲಿ ಹೋಗಬೇಕು: 001, 017, 033, 049, 065, 081, 097, 113, 129, 145, 161, 177. ನಮ್ಮ ಪಾರ್‌ಗಳು ಮೊದಲ ಎಂಟು ಬಟನ್, ಮೂವಿಂಗ್ ಹೆಡ್‌ಗಳು 129 ಮತ್ತು 145, ಡಿಮ್ಮರ್ 161, ಹೇಜರ್ 177. ಹನ್ನೆರಡಕ್ಕೆ ಹನ್ನೆರಡು ಭರ್ತಿ. ಪಾರ್ ಎಂಟೇ ಚಾನೆಲ್ ತಿನ್ನುವುದರಿಂದ ಪ್ರತಿ ಬಟನ್ನಿನಲ್ಲಿ ಎಂಟು ಖಾಲಿ ಉಳಿಯುತ್ತವೆ. ಉಳಿಯಲಿ ಬಿಡಿ, ಅದಕ್ಕೇನೂ ಬಾಡಿಗೆ ಇಲ್ಲ. ಫೇಡರ್ ಎಂಟೇ ಇರುವುದರಿಂದ 9ರಿಂದ 16ರವರೆಗಿನ ಚಾನೆಲ್ಲಿಗೆ ಪೇಜ್ ಬಟನ್ ಒತ್ತಬೇಕು. ಹೊಸಬರು ಮೂವಿಂಗ್ ಹೆಡ್ಡಿನ ಅರ್ಧ ಕೆಲಸ ಸಿಗದೆ ಒದ್ದಾಡುವುದು ಇಲ್ಲೇ.

ಎರಡು ಲೈಟಿಗೆ ಒಂದೇ ಅಡ್ರೆಸ್ ಕೊಟ್ಟರೆ ತಪ್ಪಾ? ಬೇಕೆಂದೇ ಕೊಟ್ಟರೆ ತಪ್ಪಲ್ಲ. ಒಂದೇ ಥರದ ಲೈಟಾಗಿರಬೇಕು, ಒಂದೇ ಮೋಡ್‌ನಲ್ಲಿರಬೇಕು, ಅಷ್ಟೇ. ಹಿಂದಿನ ಪರದೆಗೆ ಬಣ್ಣ ಹಾಕುವ ನಾಲ್ಕು ಪಾರ್ ಯಾವಾಗಲೂ ಒಂದೇ ಬಣ್ಣದಲ್ಲಿ ಇರುವುದಾದರೆ ನಾಲ್ಕಕ್ಕೂ ಒಂದೇ ನಂಬರು ಹಾಕಿ, ಬೋರ್ಡಿನ ಮೂರು ಬಟನ್ ಉಳಿಸಿ. ತಪ್ಪಾಗುವುದು ಅರ್ಧಂಬರ್ಧ ಒಂದರ ಮೇಲೊಂದು ಬಿದ್ದಾಗ. ನನಗೆ ಆದದ್ದು ಅದೇ. ಮೊದಲ ಪಾರ್ 1ರಿಂದ 8. ಎರಡನೆಯದು 9ರಿಂದ ಶುರುವಾಗುವ ಬದಲು 6ರಿಂದ. ಚಾನೆಲ್ 6 ಮೊದಲನೆಯದರ ಸ್ಟ್ರೋಬ್ (ಮಿನುಗಿಸುವ ಚಾನೆಲ್), ಎರಡನೆಯದರ ಡಿಮ್ಮರ್ (ಒಟ್ಟು ಬೆಳಕಿನ ಚಾನೆಲ್). ಒಂದನ್ನು ಬೆಳಗಿಸಿದರೆ ಇನ್ನೊಂದು ಮಿನುಗದೆ ಇರುತ್ತಾ?

ಮೋಡ್ ನೋಡದೆ ಅಡ್ರೆಸ್ ಮುಟ್ಟಬೇಡಿ

ಒಂದೇ ಲೈಟು ಬೇರೆ ಬೇರೆ ಚಾನೆಲ್ ಮೋಡ್‌ಗಳಲ್ಲಿ ಕೆಲಸ ಮಾಡಬಹುದು. ಒಂದು ಮೋಡ್‌ನಲ್ಲಿ ನಾಲ್ಕು ಚಾನೆಲ್, ಇನ್ನೊಂದರಲ್ಲಿ ಎಂಟು. ಮೂವಿಂಗ್ ಹೆಡ್ಡಿನಲ್ಲಿ 16 ಇರಬಹುದು, 20 ಇರಬಹುದು. ಎಲ್ಲ ಪಾರ್‌ಗಳೂ ಹೊರಗಿಂದ ಒಂದೇ ಥರ ಕಂಡರೂ ಹಿಂದಿನ ಬಾಡಿಗೆಯವರು ಎರಡನ್ನು ಬೇರೆ ಮೋಡ್‌ಗೆ ತಿರುಗಿಸಿ ಬಿಟ್ಟಿರುತ್ತಾರೆ. ಎಂಟೂ ಲೈಟಿನ ಮೋಡ್ ಒಂದೇ ಇದೆಯಾ ನೋಡಿಕೊಂಡೇ ಮುಂದೆ ಹೋಗಿ. 192ರ ಬೋರ್ಡಿಗೆ ಮೂವಿಂಗ್ ಹೆಡ್ 16ರ ಮೋಡ್‌ನಲ್ಲೇ ಇರಲಿ. 20 ಇದ್ದರೆ ಕೊನೆಯ ನಾಲ್ಕು ಪಕ್ಕದ ಬಟನ್ನಿನ ಮನೆಗೆ ನುಗ್ಗುತ್ತವೆ.

ಯಾವ ಚಾನೆಲ್ ಏನು ಮಾಡುತ್ತದೆ ಎಂಬ ಪಟ್ಟಿ ಲೈಟಿನ ಜೊತೆ ಬಂದ ಚೀಟಿಯಲ್ಲಿ ಇರುತ್ತದೆ. ಚೀಟಿ ಯಾರ ಹತ್ತಿರವೂ ಇರುವುದಿಲ್ಲ, ಅದು ಬೇರೆ ಮಾತು! ಆಗ ಒಂದು ಲೈಟನ್ನು ಮಾತ್ರ ಬೋರ್ಡಿಗೆ ಜೋಡಿಸಿ, 001 ಹಾಕಿ, ಒಂದೊಂದೇ ಫೇಡರ್ ಎತ್ತುತ್ತಾ ಬರೆದುಕೊಳ್ಳಿ. ನಾನು ಬಳಸುವ ಪಾರ್‌ನಲ್ಲಿ ಕ್ರಮ ಹೀಗೆ: ಡಿಮ್ಮರ್, ಕೆಂಪು, ಹಸಿರು, ನೀಲಿ, ಬಿಳಿ, ಸ್ಟ್ರೋಬ್, ಮ್ಯಾಕ್ರೋ (ಲೈಟಿನೊಳಗೇ ಇರುವ ಸಿದ್ಧ ಬಣ್ಣದಾಟ), ವೇಗ. ನಿಮ್ಮದು ಬೇರೆ ಇರಬಹುದು. ಡಿಮ್ಮರ್ ಪೂರ್ತಿ ಎತ್ತಿ ಇಟ್ಟುಕೊಂಡೇ ಮಿಕ್ಕಿದ್ದನ್ನು ಪರೀಕ್ಷಿಸಿ. ಇಲ್ಲದಿದ್ದರೆ ಕೆಂಪು ಎಷ್ಟು ಎತ್ತಿದರೂ ಕತ್ತಲೆಯೇ.

ನಂಬರು ಹಾಕುವುದು

ಎಲ್‌ಇಡಿ ಪಾರ್ ಹಿಂದೆ ಸಣ್ಣ ಡಿಸ್‌ಪ್ಲೇ, ಕೆಳಗೆ ನಾಲ್ಕು ಬಟನ್. ಮೆನು ಒತ್ತುತ್ತಾ ಹೋದರೆ ಆಟೋ (ತಾನೇ ಆಡುವುದು), ಸೌಂಡ್ (ಸದ್ದಿಗೆ ಕುಣಿಯುವುದು), ಸ್ಲೇವ್ (ಇನ್ನೊಂದು ಲೈಟನ್ನು ಅನುಸರಿಸುವುದು) ಎಲ್ಲ ಬಂದು ಕೊನೆಗೆ 'ಡಿ' ಅಥವಾ 'ಎ' ಅಕ್ಷರದ ಮುಂದೆ ಮೂರು ಅಂಕಿ ಕಾಣುತ್ತದೆ. ಅದೇ ಡಿಎಂಎಕ್ಸ್ ಅಡ್ರೆಸ್. ಅಪ್, ಡೌನ್ ಒತ್ತಿ ನಂಬರು ತನ್ನಿ, ಎಂಟರ್ ಒತ್ತಿ. ಎಂಟರ್ ಮರೆತರೆ ಕೆಲವು ಲೈಟುಗಳು ಹಳೆಯ ನಂಬರಿಗೇ ವಾಪಸ್ ಹೋಗುತ್ತವೆ. ಹಾಗಾಗಿ ಒಂದು ಸಲ ಸ್ವಿಚ್ ಆಫ್ ಮಾಡಿ ಆನ್ ಮಾಡಿ. ನಂಬರು ಉಳಿದಿದೆಯಾ ನೋಡಿ.

ಬಿಳಿ ಟೇಪಿನ ಮೇಲೆ ಅದೇ ನಂಬರನ್ನು ದೊಡ್ಡದಾಗಿ ಬರೆದು ಲೈಟಿನ ತಳಕ್ಕೆ, ಕೆಳಗೆ ನಿಂತವರಿಗೆ ಕಾಣುವ ಹಾಗೆ ಅಂಟಿಸಿ. ಈ ಒಂದು ರೂಪಾಯಿಯ ಟೇಪು ಎಷ್ಟು ಸಲ ಏಣಿ ಹತ್ತುವುದನ್ನು ತಪ್ಪಿಸಿದೆಯೋ ಲೆಕ್ಕವಿಲ್ಲ.

ಹಳೆಯ ಡಿಮ್ಮರ್ ಪ್ಯಾಕ್‌ಗಳಲ್ಲಿ ಡಿಸ್‌ಪ್ಲೇ ಬದಲು ಡಿಪ್ ಸ್ವಿಚ್ ಇರುತ್ತವೆ. ಪುಟ್ಟ ಬಿಳಿ ಹಲ್ಲುಗಳ ಸಾಲು. ನೋಡಿ ಹೆದರುವವರೇ ಜಾಸ್ತಿ. ಇದು ತಕ್ಕಡಿಯ ತೂಕದ ಕಲ್ಲಿನ ಲೆಕ್ಕ, ಬೇರೇನಲ್ಲ. ಒಂದನೇ ಸ್ವಿಚ್ಚಿನ ತೂಕ 1, ಎರಡನೆಯದು 2, ಮೂರನೆಯದು 4, ಆಮೇಲೆ 8, 16, 32, 64, 128. ಒಂಬತ್ತನೆಯದು 256. ಬೇಕಾದ ನಂಬರಿಗೆ ದೊಡ್ಡ ಕಲ್ಲಿನಿಂದ ಶುರು ಮಾಡಿ ತೂಗುತ್ತಾ ಬನ್ನಿ. ನಮ್ಮ ಡಿಮ್ಮರಿಗೆ 161 ಬೇಕು. 256 ಜಾಸ್ತಿಯಾಯಿತು, ಬಿಡಿ. 128 ಹಾಕಿ, ಉಳಿದದ್ದು 33. 64 ಜಾಸ್ತಿ. 32 ಹಾಕಿ, ಉಳಿದದ್ದು 1. ಒಂದನ್ನು ಹಾಕಿ. ಅಂದರೆ 8, 6 ಮತ್ತು 1ನೇ ಸ್ವಿಚ್ ಆನ್, ಮಿಕ್ಕಿದ್ದೆಲ್ಲ ಆಫ್. ಅದೇ 101 ಆಗಿದ್ದರೆ 64, 32, 4, 1. ಸ್ವಿಚ್ 7, 6, 3, 1.

ಹತ್ತನೇ ಸ್ವಿಚ್ ಇದ್ದರೆ ಅದು ಅಡ್ರೆಸ್ಸಿನದ್ದಲ್ಲ. ಡಿಎಂಎಕ್ಸ್ ಬೇಕೋ ಆಟೋ ಬೇಕೋ ಎಂಬಂಥ ಮೋಡ್ ಕೆಲಸಕ್ಕೆ ಅದು. ಯಾವ ಕಡೆ ಇರಬೇಕೆಂದು ಡಬ್ಬದ ಮೇಲಿನ ಚಿತ್ರದಲ್ಲಿ ಇರುತ್ತದೆ. ಇನ್ನೊಂದು ಕೀಟಲೆ: ಕೆಲವು ಹಳೆಯ ಸಾಮಾನುಗಳು 1ರ ಬದಲು 0ಯಿಂದ ಎಣಿಸುತ್ತವೆ. ಎಲ್ಲವೂ ಸರಿಯಾಗಿ ಒಂದು ಚಾನೆಲ್ ಆಚೆ ಜಾರಿದ ಹಾಗೆ ಕಂಡರೆ ಅದೇ ಕಾರಣ. ಒಂದು ಕಡಿಮೆ ಮಾಡಿ ನೋಡಿ.

ಕೇಬಲ್: ಇಲ್ಲಿ ಜಿಪುಣತನ ಬೇಡ

ಅಡ್ರೆಸ್ ಸರಿ ಇದ್ದೂ ಲೈಟು ಹುಚ್ಚೆದ್ದು ಕುಣಿದರೆ ಹತ್ತಕ್ಕೆ ಒಂಬತ್ತು ಸಲ ನಾನು ಬೈಯುವುದು ಕೇಬಲನ್ನು.

ಬೋರ್ಡಿನ ಔಟ್‌ನಿಂದ ಮೊದಲ ಲೈಟಿನ ಇನ್‌ಗೆ. ಅದರ ಔಟ್‌ನಿಂದ ಎರಡನೆಯದರ ಇನ್‌ಗೆ. ಹೀಗೆ ಹೂವಿನ ಮಾಲೆ ಕಟ್ಟಿದ ಹಾಗೆ ಒಂದರ ಹಿಂದೊಂದು. ಮಾಲೆಯ ಕ್ರಮಕ್ಕೂ ಅಡ್ರೆಸ್ಸಿನ ಕ್ರಮಕ್ಕೂ ಸಂಬಂಧವಿಲ್ಲ. 177ರ ಹೇಜರ್ ಬೋರ್ಡಿನ ಪಕ್ಕದಲ್ಲೇ ಇದ್ದರೆ ಅದಕ್ಕೇ ಮೊದಲು ಜೋಡಿಸಿ. ಕೇಬಲ್ ಉಳಿಯುವ ದಾರಿ ಯಾವುದೋ ಅದು.

ನಡುವೆ ಕವಲು ಹೊಡೆಯಬೇಡಿ. ಮೈಕಿಗೆ ಬಳಸುವ ವೈ ಕೇಬಲ್ ಹಾಕಿ ಎರಡು ಕಡೆ ಹಂಚುವುದು ಇಲ್ಲಿ ನಡೆಯುವುದಿಲ್ಲ. ಸಿಗ್ನಲ್ ಕೊನೆಗೆ ಹೋಗಿ ಗೋಡೆಗೆ ಬಡಿದ ಚೆಂಡಿನ ಹಾಗೆ ವಾಪಸ್ ಬರುತ್ತದೆ. ಹೋಗುವ ಸಿಗ್ನಲ್ಲಿಗೂ ಬರುವ ಸಿಗ್ನಲ್ಲಿಗೂ ಡಿಕ್ಕಿಯಾಗಿ ಲೈಟು ಮಿನುಗುತ್ತದೆ. ಎರಡು ಕಡೆ ಹಂಚಲೇಬೇಕಿದ್ದರೆ ಡಿಎಂಎಕ್ಸ್ ಸ್ಪ್ಲಿಟರ್ ಎಂಬ ಡಬ್ಬಿ ಸಿಗುತ್ತದೆ, ಅದನ್ನು ಬಳಸಿ. ಒಂದು ಮಾಲೆಯಲ್ಲಿ 32ಕ್ಕಿಂತ ಜಾಸ್ತಿ ಸಾಮಾನು ಸೇರಿದರೂ ಅದೇ ಸ್ಪ್ಲಿಟರ್ ಬೇಕು.

ವಾಪಸ್ ಬರುವ ಸಿಗ್ನಲ್ ತಡೆಯಲು ಕೊನೆಯ ಲೈಟಿನ ಔಟ್‌ಗೆ ಟರ್ಮಿನೇಟರ್ ಚುಚ್ಚಿ. ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದು ಮೇಲ್ ಎಕ್ಸ್‌ಎಲ್‌ಆರ್ ಪ್ಲಗ್ (ಮೈಕ್ ಕೇಬಲಿನ ಪಿನ್ನಿರುವ ತುದಿಯ ಥರದ್ದು) ತಂದು 2 ಮತ್ತು 3ನೇ ಪಿನ್ ನಡುವೆ 120 ಓಮ್ ರೆಸಿಸ್ಟರ್ ಬೆಸುಗೆ ಹಾಕಿ. ಮಾಮೂಲಿ ಕಾಲು ವ್ಯಾಟಿನದು ಸಾಕು. ಅದರ ಮೈಮೇಲೆ ಕಂದು, ಕೆಂಪು, ಕಂದು ಪಟ್ಟೆ ಇರುತ್ತದೆ. ಕೆಲಸ ಐದು ನಿಮಿಷದ್ದು. ಎರಡು ಮಾಡಿ ಇಟ್ಟುಕೊಳ್ಳಿ, ಒಂದು ಕಳೆದೇ ಹೋಗುತ್ತದೆ.

ಇನ್ನು ಮೈಕ್ ಕೇಬಲ್ ವಿಚಾರ. ನಿಯಮದ ಪ್ರಕಾರ ಡಿಎಂಎಕ್ಸ್‌ಗೆ ಐದು ಪಿನ್ನಿನ ಕನೆಕ್ಟರ್. ಕಡಿಮೆ ಬೆಲೆಯ ಸಾಮಾನಿನಲ್ಲಿ ಬರುವುದು ಮೂರು ಪಿನ್ನಿನದು, ಮೈಕಿನ ಪ್ಲಗ್ಗೇ. 1 ಗ್ರೌಂಡ್, 2 ಡೇಟಾ ಮೈನಸ್, 3 ಡೇಟಾ ಪ್ಲಸ್. ಚುಚ್ಚಿದರೆ ಕೂರುತ್ತದೆ, ನಾಲ್ಕು ಲೈಟಿಗೆ ನಡೆಯಲೂಬಹುದು. ಆದರೆ ಡಿಎಂಎಕ್ಸ್ ಕೇಬಲ್ ಸುಮಾರು 120 ಓಮ್‌ನದ್ದಾಗಿರಬೇಕು, ಮೈಕಿನದ್ದು ಹಾಗಿರುವುದಿಲ್ಲ. ಉದ್ದ ಜಾಸ್ತಿಯಾದ ಹಾಗೆ ತೊಂದರೆ ಶುರು. ರಿಹರ್ಸಲ್‌ನಲ್ಲಿ ಸರಿ ಇದ್ದದ್ದು ಶೋನಲ್ಲಿ ಕೈಕೊಡುತ್ತದೆ.

ಅದಕ್ಕಿಂತ ಅಪಾಯ ಇನ್ನೊಂದಿದೆ. ಸೌಂಡಿನವರ ಕೇಬಲ್ಲೂ ನಿಮ್ಮದೂ ನೋಡಲು ಒಂದೇ. ಅವರ ಮಿಕ್ಸರಿನಲ್ಲಿ ಫ್ಯಾಂಟಮ್ ಪವರ್ (ಮೈಕಿಗೆ ಕೇಬಲಿನಲ್ಲೇ ಕಳಿಸುವ ಕರೆಂಟು) ಆನ್ ಇದ್ದು ಆ ಕೇಬಲ್ ನಿಮ್ಮ ಲೈಟಿಗೆ ಸೇರಿತೆಂದರೆ 48 ವೋಲ್ಟ್ ಒಳಗೆ ನುಗ್ಗಿ ಸರ್ಕ್ಯೂಟ್ ಸುಡಬಹುದು. ನಿಮ್ಮ ಕೇಬಲ್ಲಿನ ಎರಡೂ ತುದಿಗೆ ಹಳದಿ ಟೇಪು ಸುತ್ತಿ. ಸೌಂಡಿನವರಿಗೂ ಹೇಳಿಬಿಡಿ.

ಕರೆಂಟು

ಎಲ್‌ಇಡಿ ಪಾರ್, ಮೂವಿಂಗ್ ಹೆಡ್, ಹೇಜರ್ ಮೂರಕ್ಕೂ ನೇರ 230 ವೋಲ್ಟ್. ಇವುಗಳನ್ನು ಡಿಮ್ಮರಿಗೆ ಚುಚ್ಚಬೇಡಿ. ಡಿಮ್ಮರ್ ಇರುವುದು ಹ್ಯಾಲೋಜನ್ ಲೈಟಿಗೆ ಮಾತ್ರ. 1000 ವ್ಯಾಟಿನ ಒಂದು ಹ್ಯಾಲೋಜನ್ ನಾಲ್ಕು ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತದೆ. ಅಂಥ ನಾಲ್ಕು ಒಟ್ಟಿಗೆ ಉರಿದರೆ 17 ಆಂಪಿಯರ್ ದಾಟಿತು. ಗೋಡೆಯ 16 ಆಂಪಿಯರ್ ಸಾಕೆಟ್ಟು ಅದನ್ನು ತಾಳುವುದಿಲ್ಲ.

ಪೆಂಡಾಲಿನಲ್ಲಿ ಮೂರು ಫೇಸ್ ಅಥವಾ ಜನರೇಟರ್ ಇದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಜೋಡಿಸಿ. ನ್ಯೂಟ್ರಲ್ ಬಿಟ್ಟುಕೊಂಡರೆ ಕೆಲವು ಲೈಟಿಗೆ 400 ವೋಲ್ಟಿನ ಹತ್ತಿರ ಹೋಗಬಹುದು. ಸಾಲಾಗಿ ಎಲ್ಲ ಸುಟ್ಟುಹೋಗುತ್ತವೆ. ಅರ್ಥಿಂಗ್ ಇಲ್ಲದ ಕಡೆ ಕಬ್ಬಿಣದ ಕಂಬಕ್ಕೆ ಲೈಟು ಕಟ್ಟುವುದು ಬೇಡವೇ ಬೇಡ. ಡೇಟಾ ಕೇಬಲನ್ನು ಕರೆಂಟಿನ ದಪ್ಪ ಕೇಬಲ್ ಜೊತೆ ಸುತ್ತಿ ಎಳೆಯಬೇಡಿ. ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಿಸಿ.

ನೆಲದ ಮೇಲೆ ಒಂದು ಸುತ್ತು

ಎಲ್ಲ ಲೈಟನ್ನೂ ವೇದಿಕೆಯ ಮೇಲೆ ಸಾಲಾಗಿ ಇಟ್ಟು, ಕೇಬಲ್ ಜೋಡಿಸಿ, ಆನ್ ಮಾಡಿ. ಬೋರ್ಡಿನಲ್ಲಿ ಬ್ಲ್ಯಾಕ್‌ಔಟ್ (ಎಲ್ಲ ಲೈಟನ್ನೂ ಒಮ್ಮೆಲೇ ಕತ್ತಲಾಗಿಸುವ ಬಟನ್) ದೀಪ ಮಿನುಗುತ್ತಿದ್ದರೆ ಆ ಬಟನ್ ಒಮ್ಮೆ ಒತ್ತಿ. ಎಷ್ಟೋ ಬೋರ್ಡುಗಳು ಆನ್ ಆಗುವುದೇ ಬ್ಲ್ಯಾಕ್‌ಔಟ್‌ನಲ್ಲಿ. ಇದು ಗೊತ್ತಿಲ್ಲದೆ ಅರ್ಧ ಗಂಟೆ ಕೇಬಲ್ ಬದಲಿಸಿದವರಿದ್ದಾರೆ. ಅವರಲ್ಲಿ ನಾನೂ ಒಬ್ಬ.

ಈಗ ಸ್ಕ್ಯಾನರ್ 1 ಒತ್ತಿ, ಡಿಮ್ಮರ್ ಮತ್ತು ಕೆಂಪು ಎತ್ತಿ. ಒಂದೇ ಲೈಟು ಹತ್ತಬೇಕು, ಅದೂ 001 ಎಂದು ಬರೆದದ್ದೇ ಹತ್ತಬೇಕು. ಇಳಿಸಿ, ಮುಂದಿನದಕ್ಕೆ ಹೋಗಿ. ಹನ್ನೆರಡೂ ಆದ ಮೇಲೆ ಹಾಳೆಯಲ್ಲಿ ಟಿಕ್ ಹಾಕಿ.

ಮೂವಿಂಗ್ ಹೆಡ್‌ಗೆ ತಾಳ್ಮೆ ಬೇಕು. ಆನ್ ಮಾಡಿದಾಗ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ತನ್ನನ್ನೇ ಪರೀಕ್ಷಿಸಿಕೊಳ್ಳುತ್ತದೆ, ಮುಟ್ಟಬೇಡಿ. ಬೀಮ್ (ಕೋಲಿನಂಥ ಕಿರಣ ಬಿಡುವ, ಬಲ್ಬಿನ) ಥರದ್ದಾದರೆ ಡಿಮ್ಮರ್ ಎತ್ತಿದರೆ ಸಾಲದು, ಬೆಳಕಿಗೆ ಅಡ್ಡ ಬರುವ ಶಟರಿನ ಚಾನೆಲ್ಲೂ ತೆರೆಯಬೇಕು, ಲ್ಯಾಂಪೂ ಹತ್ತಿರಬೇಕು. ಬಲ್ಬ್ ಒಮ್ಮೆ ಆರಿದರೆ ತಣ್ಣಗಾಗುವವರೆಗೆ ಮತ್ತೆ ಹತ್ತುವುದಿಲ್ಲ. ಆಗ ಅಡ್ರೆಸ್ ತಪ್ಪಾಗಿದೆ ಅಂದುಕೊಂಡು ಎಲ್ಲ ಬದಲಿಸಲು ಹೋಗಬೇಡಿ.

ಎಲ್ಲ ಸರಿ ಬಂದ ಮೇಲೆ ಕಟ್ಟಿ. ಪ್ರತಿ ಲೈಟಿಗೂ ಕ್ಲಾಂಪಿನ ಜೊತೆ ಬೇರೆಯಾಗಿ ಒಂದು ಸೇಫ್ಟಿ ಚೈನ್. ಕೆಳಗೆ ಮಕ್ಕಳು ಕುಣಿಯುತ್ತಿರುತ್ತಾರೆ.

ಬೋರ್ಡೇ ಇಲ್ಲದಿದ್ದರೆ ಲ್ಯಾಪ್‌ಟಾಪ್ ಸಾಕು. ಕ್ಯೂಎಲ್‌ಸಿ ಪ್ಲಸ್ ಎಂಬ ಸಾಫ್ಟ್‌ವೇರ್ ಉಚಿತ. ಜೊತೆಗೆ ಯುಎಸ್‌ಬಿಯಿಂದ ಡಿಎಂಎಕ್ಸ್‌ಗೆ ಬದಲಿಸುವ ಡಬ್ಬಿ ಬೇಕು. ಅಲ್ಲಿ ಲೈಟಿನ ಮಾದರಿ, ಮೋಡ್, ಅಡ್ರೆಸ್ ತುಂಬಿಸಿದರೆ ಮುಗಿಯಿತು. ನಿಮ್ಮ ಲೈಟು ಪಟ್ಟಿಯಲ್ಲಿ ಇಲ್ಲದಿದ್ದರೆ, ಫೇಡರ್ ಎತ್ತಿ ಬರೆದುಕೊಂಡಿರಲ್ಲ, ಆ ಚೀಟಿ ನೋಡಿ ನೀವೇ ಸೇರಿಸಬಹುದು.

ಕೈಕೊಟ್ಟಾಗ

ಒಂದೇ ಒಂದು ಲೈಟು ಮಾತು ಕೇಳುತ್ತಿಲ್ಲವೇ? ಅದು ಆಟೋದಲ್ಲೋ ಸೌಂಡ್ ಮೋಡ್‌ನಲ್ಲೋ ಇರುತ್ತದೆ. ಚಪ್ಪಾಳೆ ತಟ್ಟಿ ನೋಡಿ, ಬಣ್ಣ ಬದಲಾದರೆ ಸೌಂಡ್ ಮೋಡ್! ಹತ್ತುತ್ತದೆ ಆದರೆ ಕೆಂಪು ಕೇಳಿದರೆ ಹಸಿರು ಬರುತ್ತದೆ ಅಂದರೆ ಚಾನೆಲ್ ಮೋಡ್ ಬೇರೆ ಇದೆ, ಇಲ್ಲವೇ ಅಡ್ರೆಸ್ ಒಂದು ಆಚೀಚೆ ಆಗಿದೆ.

ಮೊದಲ ನಾಲ್ಕು ಸರಿ, ಐದನೆಯದರಿಂದ ಮುಂದೆ ಎಲ್ಲ ಮಿನುಗುತ್ತಿವೆ. ಆಗ ಅನುಮಾನ ನಾಲ್ಕು ಮತ್ತು ಐದರ ನಡುವಿನ ಕೇಬಲ್ ಮೇಲೆ. ಬದಲಿಸಿ. ಹೋಗಲಿಲ್ಲವಾ? ನಾಲ್ಕನೇ ಲೈಟನ್ನೇ ಬಿಟ್ಟು ಮೂರರಿಂದ ಐದಕ್ಕೆ ನೇರ ಎಳೆಯಿರಿ. ಸರಿಹೋದರೆ ನಾಲ್ಕನೆಯದರ ಔಟ್ ಸಾಕೆಟ್ಟು ಸತ್ತಿದೆ. ಅದನ್ನು ಮಾಲೆಯ ಕೊನೆಗೆ ಹಾಕಿ ಶೋ ಮುಗಿಸಿ.

ಯಾವುದೂ ಕೇಳುತ್ತಿಲ್ಲ, ಬ್ಲ್ಯಾಕ್‌ಔಟ್ ಕೂಡ ಇಲ್ಲ. ಕೆಲವು ಬೋರ್ಡಿನ ಹಿಂದೆ ಪೊಲಾರಿಟಿ ಎಂಬ ಪುಟ್ಟ ಸ್ವಿಚ್ ಇರುತ್ತದೆ. 2 ಮತ್ತು 3ನೇ ಪಿನ್ ಅದಲುಬದಲು ಮಾಡುವುದು ಅದರ ಕೆಲಸ. ಸಾಗಿಸುವಾಗ ಯಾರದೋ ಬೆರಳು ತಗುಲಿ ಆಚೆ ಹೋಗಿರುತ್ತದೆ.

ಶೋ ಮುಗಿದು ಎಲ್ಲರೂ ಊಟಕ್ಕೆ ಹೊರಟಾಗ ಮೇನ್ ಸ್ವಿಚ್ ಎಳೆಯಬೇಡಿ. ಬೀಮ್ ಲೈಟಿನ ಲ್ಯಾಂಪನ್ನು ಬೋರ್ಡಿನಿಂದ ಆರಿಸಿ. ಬಲ್ಬ್ ತಣ್ಣಗಾಗುವವರೆಗೆ ಅದರ ಫ್ಯಾನ್ ಓಡುತ್ತಿರಲಿ. ಅಷ್ಟರಲ್ಲಿ ಕೇಬಲ್ ಸುತ್ತಿಡಿ. ನಂಬರಿನ ಟೇಪು ಕೀಳಬೇಡಿ, ಹಾಳೆಯನ್ನು ಬೋರ್ಡಿನ ಪೆಟ್ಟಿಗೆಯಲ್ಲೇ ಹಾಕಿ ಮುಚ್ಚಿ.